ಚೀಲದ ಬಾಯಿ

2021ರ ನವೆಂಬರ್‌ನಲ್ಲಿ ಒಂದು ಸಂಜೆ ನಾನು, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ನಮ್ಮ ಫಿಲೇಚರ್‌ನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರ ಊಟದ ಚೀಲ ತೆರೆಸಿ ನೋಡಿದೆ. ಬಾಗಿಲಲ್ಲೇ ನಿಲ್ಲಿಸಿ, ಉಳಿದ ಹತ್ತು ಜನ ನೋಡುತ್ತಿರುವಾಗ. ಚೀಲದಲ್ಲಿ ಇದ್ದದ್ದು ತೊಳೆದ ಸ್ಟೀಲ್ ಡಬ್ಬಿ, ಒದ್ದೆ ಟವೆಲ್, ಎಲೆ ಅಡಿಕೆಯ ಪೊಟ್ಟಣ, ಮಗನ ಶಾಲೆಯಿಂದ ಬಂದ, ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ರೇಷ್ಮೆ ಇರಲಿಲ್ಲ. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು ಅಷ್ಟೇ.

ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೋದ ತಿಂಗಳು ಬೆಂಗಳೂರಿನಿಂದ ಹಳೇ ಆಫೀಸಿನ ಗೆಳೆಯ ಫೋನ್ ಮಾಡಿದ. ಅವನ ಟೀಮಿನಲ್ಲಿ ಏನೋ ಜಗಳ ಆಗಿ ಯಾರೂ ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿಲ್ಲವಂತೆ. "ಟ್ರಸ್ಟ್ ಬಿಲ್ಡಿಂಗ್ ಅಂತ ಎಲ್ಲರನ್ನೂ ನಂದಿಬೆಟ್ಟದ ಕಡೆ ಕರ್ಕೊಂಡು ಬರ್ತಿದೀವಿ ಮಾರಾಯ, ನಿಮ್ಮ ಕಡೆ ಒಳ್ಳೇ ರೆಸಾರ್ಟ್ ಯಾವುದಿದೆ ಹೇಳು" ಅಂದ. ಎರಡು ಹೆಸರು ಹೇಳಿ ಫೋನ್ ಇಟ್ಟೆ. ಕಣ್ಣು ಕಟ್ಟಿಕೊಂಡು ಹಿಂದಕ್ಕೆ ಬೀಳೋದು, ಹಿಂದೆ ನಿಂತವರು ಹಿಡಿಯೋದು, ಆ ಆಟ ಆಡಿಸೇ ಆಡಿಸುತ್ತಾರೆ ಅಂತ ನನಗೆ ಗೊತ್ತು, ಯಾಕಂದರೆ ಅಲ್ಲಿದ್ದಾಗ ನಾನೂ ಬಿದ್ದಿದ್ದೇನೆ. ನನ್ನನ್ನು ಹಿಡಿದವನೇ ಮುಂದಿನ ತಿಂಗಳು ನನ್ನ ಕೆಲಸವನ್ನು ತನ್ನದು ಅಂತ ಮೀಟಿಂಗ್‌ನಲ್ಲಿ ತೋರಿಸಿದ. ಅದಿರಲಿ. ಆ ರಾತ್ರಿ ನಿದ್ದೆ ಬರಲಿಲ್ಲ, ಚೀಲ ನೆನಪಾಯ್ತು. ಗೆಳೆಯನಿಗೆ ಹೇಳದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟ. 2007ರ ತನಕ ಕೋಲಾರ ಜಿಲ್ಲೆ, ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆ. ರೇಷ್ಮೆ ಗೂಡಿನ ಮಾರುಕಟ್ಟೆ ಅಂದರೆ ಎಲ್ಲರೂ ರಾಮನಗರ ಅಂತಾರೆ. ದೊಡ್ಡದು ಅದೇ, ಒಪ್ಪೋಣ. ಅದಾದ ಮೇಲೆ ನಮ್ಮ ಹೆಸರು ಬರುತ್ತದೆ. ಊರಿಗೆ ಬಂದವರಿಗೆ ಮೊದಲು ಗೊತ್ತಾಗೋದು ವಾಸನೆ. ಬೆಂದ ಹುಳುವಿನ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಬೆಂಗಳೂರಿನಲ್ಲಿದ್ದಾಗ ಹಬ್ಬಕ್ಕೆ ಊರಿಗೆ ಬಂದು ಬಸ್ ಇಳಿದ ತಕ್ಷಣ ಆ ವಾಸನೆ ಬಡಿದರೆ ಹೊಟ್ಟೆ ಹಸಿಯುತ್ತಿತ್ತು. ಅಪ್ಪನ ಫಿಲೇಚರ್ ಪಕ್ಕದಲ್ಲೇ ನಮ್ಮ ಅಡುಗೆಮನೆ, ಅದಕ್ಕೇ ಇರಬೇಕು.

ನಮ್ಮದು ಚಿಕ್ಕ ಯುನಿಟ್. ಎಂಟು ಬೇಸಿನ್ (ಗೂಡು ಬಿಚ್ಚುವ ಬಿಸಿನೀರಿನ ತೊಟ್ಟಿ), ಹನ್ನೊಂದು ಜನ. ಹೆಚ್ಚಿನವರು ಹೆಂಗಸರು. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ನಾನು ಕೆಲಸ ಬಿಟ್ಟು ಬಂದು ವಹಿಸಿಕೊಂಡೆ. ಕೆಲಸದವರಲ್ಲಿ ಅರ್ಧ ಜನ ನನ್ನನ್ನು ಚಡ್ಡಿ ಹಾಕಿಕೊಂಡು ಓಡಾಡುವ ಕಾಲದಿಂದ ನೋಡಿದವರು. ಹಾಗಾಗಿ ಎಲ್ಲರಿಗೂ ನಾನು 'ಅಣ್ಣ'. ವಯಸ್ಸಿನಲ್ಲಿ ನನಗಿಂತ ದೊಡ್ಡವರೂ ಅಣ್ಣ ಅಂತಲೇ ಕರೆಯುತ್ತಿದ್ದರು. ಈ ಮಾತು ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕೆಲಸ ಹೇಗೆ ಅಂತ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿದರೆ ಅದರ ಅಂಟು ಮೆತ್ತಗಾಗುತ್ತದೆ. ಕುಂಚದಲ್ಲಿ ತಿರುವಿದರೆ ಎಳೆಯ ತುದಿ ಸಿಗುತ್ತದೆ. ಎಂಟೋ ಹತ್ತೋ ಗೂಡಿನ ಎಳೆಗಳನ್ನು ಒಟ್ಟಿಗೆ ಸೇರಿಸಿ ಒಂದು ನೂಲು. ಒಂದು ಗೂಡು ಬಿಚ್ಚಿ ಮುಗಿಯುತ್ತಿದ್ದ ಹಾಗೆ ಇನ್ನೊಂದರ ತುದಿಯನ್ನು ಓಡುತ್ತಿರುವ ನೂಲಿಗೆ ಎಸೆಯಬೇಕು. ಕೈ ಬಿಸಿನೀರಿನಲ್ಲೇ ಇರಬೇಕು, ಕಣ್ಣು ಓಡುತ್ತಿರುವ ಎಲ್ಲ ಎಳೆಗಳ ಮೇಲಿರಬೇಕು. ಒಬ್ಬರು ಆ ಎಸೆತ ತಪ್ಪಿಸಿದರೆ, ಎಂಟರ ಬದಲು ಆರು ಗೂಡಿನಲ್ಲೇ ಓಡಿಸಿದರೆ, ಪಕ್ಕದಲ್ಲಿ ನಿಂತ ಮಾಲೀಕನಿಗೆ ಏನೂ ಗೊತ್ತಾಗಲ್ಲ. ಲಡಿ ನೋಡೋಕೆ ಹಾಗೇ ಹೊಳೆಯುತ್ತಿರುತ್ತದೆ. ಆ ತೆಳು ಜಾಗ ಗೊತ್ತಾಗೋದು ಎಲ್ಲೋ ಧರ್ಮಾವರದಲ್ಲಿ, ಕಂಚಿಯಲ್ಲಿ, ಮಗ್ಗದ ಮೇಲೆ ಎಳೆ ಕಿತ್ತಾಗ.

ಇಲ್ಲಿ ನಾನು 'ನಂಬಿಕೆ ಅನ್ನೋದು ರೇಷ್ಮೆ ಎಳೆಯ ಹಾಗೆ' ಅಂತ ಬರೆಯುತ್ತೇನೆ ಅಂದುಕೊಂಡಿರಬಹುದು. ಬರೆದಿದ್ದೆ, ಅಳಿಸಿದೆ. ರೇಷ್ಮೆ ಎಳೆ ಕಿತ್ತರೆ ನಮ್ಮ ನಾಲ್ಕನೇ ಬೇಸಿನ್ ಅಕ್ಕ ಒಂದು ಸೆಕೆಂಡಿನಲ್ಲಿ ಸೇರಿಸುತ್ತಾರೆ.

ಚೀಲ ತೆರೆಸಿದ್ದು ಅವರದ್ದೇ.

ನಮ್ಮ ಧಂದೆಯಲ್ಲಿ ಎಲ್ಲವೂ ನಿಂತಿರೋದು ರೆಂಡಿಟಾ ಅನ್ನುವ ಒಂದು ಲೆಕ್ಕದ ಮೇಲೆ. ಒಂದು ಕೆ.ಜಿ. ನೂಲು ಬರೋಕೆ ಎಷ್ಟು ಕೆ.ಜಿ. ಗೂಡು ಬೇಕಾಯ್ತು ಅನ್ನೋದು. ನಾವು ದುಡ್ಡು ಕೊಡೋದು ಗೂಡಿನ ತೂಕಕ್ಕೆ, ಆದರೆ ಗೂಡಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಒಳಗಿರುವ ಹುಳುವಿನದ್ದು. ರೇಷ್ಮೆ ಇರುವ ಸಿಪ್ಪೆ ಐದರಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು. ಅಂದರೆ ಒಂಥರಾ ಕಣ್ಣು ಮುಚ್ಚಿ ಕೊಳ್ಳುವ ವ್ಯಾಪಾರ. ನಮಗೆ ರೆಂಡಿಟಾ 7ರ ಆಸುಪಾಸು ಬಂದರೆ ನೆಮ್ಮದಿ. ದಿನಕ್ಕೆ 56 ಕೆ.ಜಿ. ಗೂಡು ಬಿಚ್ಚಿದರೆ 8 ಕೆ.ಜಿ. ನೂಲು. ಅದೇ ರೆಂಡಿಟಾ 8ಕ್ಕೆ ಹೋದರೆ 7 ಕೆ.ಜಿ. ಒಂದು ಕೆ.ಜಿ. ನೂಲು ಸುಮ್ನೆ ಹೋಯ್ತು, ಅದೂ ದಿನಾ.

ಆ ನವೆಂಬರ್‌ನ ಮಳೆ ನಮ್ಮ ಕಡೆಯವರಿಗೆಲ್ಲ ನೆನಪಿರುತ್ತದೆ. ಸಾವಿರ ಅಡಿ ಬೋರ್ ಕೊರೆದರೂ ನೀರು ಕಾಣದ ಬರದ ಸೀಮೆ ನಮ್ಮದು, ಆ ವರ್ಷ ಕೆರೆಗಳು ಕೋಡಿ ಹೋದವು. ಜನ ಕೋಡಿ ನೋಡೋಕೆ ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತಿದ್ದರು, ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ತೋಟದಲ್ಲಿ ಟೊಮೊಟೊ ಕೊಳೆಯುತ್ತಿತ್ತು. ನನ್ನ ರೆಂಡಿಟಾ ಎರಡು ವಾರದಲ್ಲಿ 7ರಿಂದ 8 ದಾಟಿತು.

ಟೀ ಅಂಗಡಿಯಲ್ಲಿ ನಮ್ಮ ಹಾಗೇ ನೂಲು ತೆಗೆಸುವ ಇನ್ನೊಬ್ಬ ರೀಲರ್‌ ಹತ್ತಿರ ಹೇಳಿಕೊಂಡೆ. "ನೂಲಿಗೆ ಕಾಲು ಬಂದಿರುತ್ತೆ, ನೋಡ್ಕೋ" ಅಂದರು. ಅಷ್ಟೇ ಮಾತು. ಟೀ ಮುಗಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಆ ಕಾಲಿಗೆ ಒಂದು ಮುಖವೂ ಬಂದಿತ್ತು. ನಾಲ್ಕನೇ ಬೇಸಿನ್ ಅಕ್ಕ ಆ ವಾರ ಎರಡು ದಿನ ಬೇಗ ಹೊರಟಿದ್ದರು. ಮಗನಿಗೆ ಹುಷಾರಿಲ್ಲ ಅಂದಿದ್ದರು. ನಂಬಬಹುದಾಗಿತ್ತು. ಹದಿನಾಲ್ಕು ವರ್ಷದಿಂದ ಇದ್ದವರು. ಆದರೆ ಅನುಮಾನಕ್ಕೆ ಲೆಕ್ಕ ಬೇಕಾಗಿರಲ್ಲ, ಒಂದು ಮುಖ ಸಿಕ್ಕರೆ ಸಾಕು.

ಚೀಲ ನೋಡಿದೆ. ಏನೂ ಇರಲಿಲ್ಲ. ನಾನು ಏನು ಅಂದೆ ಗೊತ್ತಾ? "ಸರಿ, ಹೋಗಿ" ಅಂದೆ. ಅವರು ಆ ಕಾಗದವನ್ನು ಮತ್ತೆ ಅದೇ ನಾಲ್ಕು ಮಡಿಕೆಗೆ ಮಡಚಿ, ಡಬ್ಬಿಯ ಕೆಳಗಿಟ್ಟು, ಮೇಲೆ ಟವೆಲ್ ಇಟ್ಟು, ನಿಧಾನಕ್ಕೆ ಎಲ್ಲವನ್ನೂ ಮೊದಲಿದ್ದ ಹಾಗೇ ಜೋಡಿಸಿ ಹೋದರು. ಅವಸರವೇ ಮಾಡಲಿಲ್ಲ. ಉಳಿದವರೂ ಕಾದರು. ಆ ಎರಡು ನಿಮಿಷದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಆ ಜೋಡಣೆಗೇ.

ನಾಲ್ಕು ದಿನ ಆದ ಮೇಲೆ ಅಪ್ಪ ಕೋಲು ಊರಿಕೊಂಡು ಒಳಗೆ ಬಂದರು. ಬುಟ್ಟಿಯಿಂದ ಒಂದು ಹಿಡಿ ಗೂಡು ತೆಗೆದು ಅಂಗೈಯಲ್ಲಿ ಒತ್ತಿದರು. ಆಮೇಲೆ ಮೂಲೆಯಲ್ಲಿದ್ದ ಜುಟ್ಟಿನ ಗೋಣಿಚೀಲಗಳ ಕಡೆ ನೋಡಿ, "ಜುಟ್ಟು ತೂಗಿದೆಯೇನೋ?" ಅಂದರು. ತೂಗಿರಲಿಲ್ಲ. ಜುಟ್ಟು ಅಂದರೆ ಬಿಚ್ಚೋಕೆ ಬಾರದ ರೇಷ್ಮೆ, ವೇಸ್ಟ್. ಅದನ್ನು ತಿಂಗಳಿಗೊಮ್ಮೆ ಬೇರೆಯವರು ಬಂದು ಕೊಂಡು ಹೋಗುತ್ತಾರೆ, ಅವತ್ತು ತೂಗಿದರೆ ಆಯ್ತು ಅನ್ನೋದು ನನ್ನ ಲೆಕ್ಕ. ತೂಗಿದೆ. ಕಾಲು ಬಂದು ಹೋಗಿದೆ ಅಂದುಕೊಂಡಿದ್ದ ರೇಷ್ಮೆ ಅಲ್ಲೇ, ನಮ್ಮದೇ ಗೋಣಿಯಲ್ಲಿ ಕೂತಿತ್ತು.

ಕಾರಣ ಮಳೆ. ಹುಳು ಹಣ್ಣಾಗಿ ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆ ಮೇಲೆ ಗೂಡು ಕಟ್ಟುವ ಎರಡು ಮೂರು ದಿನ ಹುಳುಮನೆಯಲ್ಲಿ ಗಾಳಿ ಆಡಬೇಕು, ತೇವ ಕಡಿಮೆ ಇರಬೇಕು. ತೇವ ಜಾಸ್ತಿ ಇದ್ದರೆ ಎಳೆಯ ಅಂಟು ಸರಿಯಾಗಿ ಒಣಗದೆ ಪದರಕ್ಕೆ ಪದರ ಅಂಟಿಕೊಳ್ಳುತ್ತದೆ. ಅಂಥ ಗೂಡು ನೋಡೋಕೆ ಚೆನ್ನಾಗೇ ಇರುತ್ತದೆ, ಬೇಸಿನ್‌ಗೆ ಹಾಕಿದರೆ ಎಳೆ ಕಿತ್ತು ಕಿತ್ತು ಬರುತ್ತದೆ. ಹುಳು ಸಾಕುವವರಿಗೆಲ್ಲ ಗೊತ್ತಿರುವ ವಿಷಯ. ಗೂಡು ಬಿಚ್ಚುವವರಿಗಂತೂ ಕೈಗೇ ಗೊತ್ತಾಗುತ್ತದೆ.

ಗೊತ್ತಾಗಿತ್ತು ಕೂಡ. ಚೀಲ ನೋಡುವುದಕ್ಕೆ ಒಂದು ವಾರ ಮುಂಚೆ ಅದೇ ಅಕ್ಕ ನನಗೆ, "ಅಣ್ಣ, ಈ ಲಾಟ್ ಬಿಚ್ಚಲ್ಲ, ಬರೀ ಕೀಳ್ತಾ ಇದೆ" ಅಂದಿದ್ದರು. ನಾನು ಮೊಬೈಲ್ ನೋಡುತ್ತಾ "ಹೂಂ" ಅಂದಿದ್ದೆ.

ಚೀಲ ನೋಡಿದ ಮಾರನೇ ದಿನದಿಂದ ನಾನು 'ಸಾರ್' ಆದೆ. ಅವರೊಬ್ಬರಿಗಲ್ಲ, ಹನ್ನೊಂದು ಜನಕ್ಕೂ. ಯಾರೂ ಕೂಡಿ ಮಾತಾಡಿಕೊಂಡ ಹಾಗೆ ಕಾಣಲಿಲ್ಲ, ಆದರೂ ಒಂದೇ ದಿನ ಬದಲಾಯಿತು. ಕೆಲಸ ಯಾರೂ ಬಿಡಲಿಲ್ಲ. ಜಗಳ ಆಗಲಿಲ್ಲ. ಹೊತ್ತಿಗೆ ಸರಿಯಾಗಿ ಬಂದರು, ಹೊತ್ತಿಗೆ ಸರಿಯಾಗಿ ಹೋದರು. ನಾನು ಮನಸ್ಸಿನಲ್ಲೇ ಹಗುರವಾದೆ, ಓಹ್ ಸರಿ ಹೋಯ್ತು ಅಂತ. ಸಂಜೆ ಬಾಗಿಲ ಹತ್ತಿರ ನಾಲ್ಕನೇ ಬೇಸಿನ್ ಅಕ್ಕ ನನ್ನ ಮುಂದೆ ಒಂದು ಗಳಿಗೆ ನಿಂತು, ಚೀಲದ ಬಾಯಿ ಅಗಲ ಮಾಡಿ ನನ್ನ ಕಡೆ ಹಿಡಿದರು. "ಅಯ್ಯೋ ಬೇಡ ಅಕ್ಕ" ಅಂದೆ. ತಲೆ ಆಡಿಸಿ ಹೋದರು. ಅದರ ಮಾರನೇ ದಿನವೂ ಹಿಡಿದರು. ಅದರ ಮಾರನೇ ದಿನವೂ.

ಆಮೇಲೆ ನಿಧಾನಕ್ಕೆ ಗೊತ್ತಾಯಿತು, ಏನು ನಿಂತು ಹೋಗಿದೆ ಅಂತ. ಹೇಳೋದು ನಿಂತಿತ್ತು. ಬೇಸಿನ್ ನೀರು ತಣ್ಣಗಾದರೆ ಮುಂಚೆ ಕೂಗಿ ಹೇಳುತ್ತಿದ್ದರು, ಈಗ ತಣ್ಣೀರಿನಲ್ಲೇ ಬಿಚ್ಚುತ್ತಿದ್ದರು. ಒಂದು ಲಾಟ್‌ನಲ್ಲಿ ಎರಡು ಹುಳು ಸೇರಿ ಕಟ್ಟಿದ ಡಬಲ್ ಗೂಡು ಜಾಸ್ತಿ ಬಂದಿದ್ದರೂ ಯಾರೂ ತುಟಿ ಬಿಚ್ಚಲಿಲ್ಲ. ಹೇಳಿದ್ದನ್ನು ಮಾಡಿದರು, ಹೇಳದೇ ಇದ್ದದ್ದನ್ನು ಮಾಡಲಿಲ್ಲ. ನಾನು ಕಳ್ಳತನ ಹುಡುಕೋಕೆ ಹೋಗಿ, ಹನ್ನೊಂದು ಜೊತೆ ಕಣ್ಣುಗಳನ್ನು ಕಳೆದುಕೊಂಡಿದ್ದೆ. ಎರಡು ತಿಂಗಳಲ್ಲಿ ನಮ್ಮ ನೂಲು ಕೊಳ್ಳುವ ವ್ಯಾಪಾರಿ "ಏನಪ್ಪಾ, ನಿಮ್ಮ ಮಾಲು ಮೊದಲಿನಂಗಿಲ್ಲ" ಅಂದರು.

ನಾನು ಮಾಡಿದ ಮೊದಲ ಕೆಲಸ ದುಡ್ಡು ಕೊಟ್ಟಿದ್ದು. ಸಂಕ್ರಾಂತಿಗೆ ಎಲ್ಲರಿಗೂ ಸಾವಿರ ರೂಪಾಯಿ, ಅಕ್ಕನಿಗೆ ಎರಡು ಸಾವಿರ. ತೆಗೆದುಕೊಂಡರು, ಎಣಿಸಿದರು, ಸೆರಗಿಗೆ ಕಟ್ಟಿಕೊಂಡರು. ಗೂಡು ಬೇಯಿಸುವ ಅಜ್ಜಿ ಒಲೆ ಕಡೆ ಮುಖ ಮಾಡಿಕೊಂಡೇ, ಯಾರಿಗೂ ಹೇಳದ ಹಾಗೆ, "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಅಂತು. ಗಾದೆಗಳ ತೊಂದರೆ ಇದೇ ನೋಡಿ, ಎದುರು ಮಾತಾಡೋಕೆ ಜಾಗ ಇರಲ್ಲ.

ಎರಡನೆಯದಾಗಿ ಕ್ಷಮೆ ಕೇಳಿದೆ. ಆಫೀಸ್ ಅಂತ ನಾವು ಕರೆಯುವ ಆ ಎಂಟಡಿ ಕೋಣೆಗೆ ಅಕ್ಕನನ್ನು ಕರೆದು, ಕೂರಿಸಿ, ತಪ್ಪಾಯ್ತು ಅಂದೆ. ಒಳ್ಳೇ ಮಾತುಗಳನ್ನೇ ಆಡಿದೆ. ನೀವು ನಮ್ಮ ಮನೆಯವರ ಹಾಗೆ, ಟೆನ್ಷನ್‌ನಲ್ಲಿದ್ದೆ, ಯಾರೋ ಹೇಳಿದ್ದು ಕೇಳಿ ಹಾಗಾಯ್ತು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು. "ಚೀಲ ಎಲ್ಲರ ಮುಂದೆ ನೋಡಿದ್ರಿ. ಇದನ್ನ ಯಾಕೆ ಒಳಗೆ ಕರೆದು ಹೇಳ್ತಿದೀರಿ ಸಾರ್?"

ಅದಕ್ಕೆ ಉತ್ತರ ಇರಲಿಲ್ಲ. ಯೋಚನೆ ಮಾಡಿದರೆ, ಆ ಕ್ಷಮೆಯನ್ನು ನಾನು ನನಗೆ ಅನುಕೂಲವಾದ ಜಾಗದಲ್ಲಿ, ಅನುಕೂಲವಾದ ಹೊತ್ತಿನಲ್ಲಿ, ಅರ್ಧ ತಪ್ಪನ್ನು ಟೀ ಅಂಗಡಿಯವರ ಮೇಲೆ ಹಾಕಿ ಕೇಳಿದ್ದೆ. ಒಂದು ವಾರ ತಳ್ಳಿದೆ. ಆಮೇಲೆ ಒಂದು ಸೋಮವಾರ ಬೆಳಗ್ಗೆ ಎಲ್ಲರೂ ಒಳಗೆ ಬರುವಾಗ ಅದೇ ಬಾಗಿಲಲ್ಲಿ ನಿಂತು ಹೇಳಿದೆ. ಅಕ್ಕನ ಚೀಲ ನೋಡಿದ್ದು ನನ್ನ ತಪ್ಪು, ಅವರು ಗೂಡು ಸರಿಯಿಲ್ಲ ಅಂತ ಮುಂಚೆಯೇ ಹೇಳಿದ್ದರು, ನಾನು ಕೇಳಲಿಲ್ಲ, ನೂಲು ಕಳುವಾಗಿರಲಿಲ್ಲ, ಜುಟ್ಟಿನಲ್ಲಿತ್ತು. ನಾಲ್ಕು ವಾಕ್ಯ. ಬಾಯಿ ಒಣಗಿತ್ತು. ಮಧ್ಯದಲ್ಲಿ ಯಾರದೋ ಮೊಬೈಲ್‌ನಲ್ಲಿ ತೆಲುಗು ಸಿನಿಮಾ ಹಾಡು ಹೊಡೆದುಕೊಂಡಿತು, ಅವರು ಅದನ್ನು ಆಫ್ ಮಾಡೋಕೆ ಪರದಾಡಿದರು, ನಾನು ಕಾದೆ. ಮುಗಿಸಿದ ಮೇಲೆ ಯಾರೂ ಏನೂ ಅನ್ನಲಿಲ್ಲ. ಅಕ್ಕ, "ಆಯ್ತು ಸಾರ್, ನೀರು ಕಾದಿದೆ" ಅಂದು ಬೇಸಿನ್ ಕಡೆ ಹೋದರು.

ಸಿನಿಮಾದಲ್ಲಾದರೆ ಇಲ್ಲಿಗೆ ಎಲ್ಲ ಸರಿಯಾಗಬೇಕಿತ್ತು, ಅಲ್ವಾ? ಅವತ್ತು ಸಂಜೆಯೂ ಚೀಲದ ಬಾಯಿ ತೆರೆದೇ ಹೋದರು.

ಇಲ್ಲಿ ಮಾರುಕಟ್ಟೆಯ ಒಂದು ವಿಷಯ ಹೇಳಬೇಕು, ಯಾಕಂದರೆ ಮುಂದೇನು ಮಾಡಬೇಕು ಅನ್ನೋದು ನನಗೆ ಅಲ್ಲಿ ಹೊಳೆಯಿತು. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು, ಅದಕ್ಕೆ 1959ರಿಂದ ಕಾಯಿದೆಯೇ ಇದೆ. ರೈತರು ಬೆಳಗ್ಗೆ ಗೂಡು ತಂದು ಜಾಲರಿಯಲ್ಲಿ ಹರಡುತ್ತಾರೆ, ಲಾಟ್ ನಂಬರ್ ಸಿಗುತ್ತದೆ, ನಾವು ರೀಲರ್‌ಗಳು ಸುತ್ತಾಡಿ ನೋಡಿ ಮೊಬೈಲ್‌ನಲ್ಲೇ ಬಿಡ್ ಹಾಕುತ್ತೇವೆ. ರೇಟು ಒಪ್ಪಿಗೆಯಾಗದಿದ್ದರೆ ರೈತ ಬೇಡ ಅನ್ನಬಹುದು. ಆಮೇಲೆ ಎಲೆಕ್ಟ್ರಾನಿಕ್ ತಕ್ಕಡಿ. "ಮುಂಚೆ ಎಲ್ಲ ಬಾಯಿಮಾತಿನಲ್ಲೇ ನಡೀತಿತ್ತು, ಎಂಥಾ ನಂಬಿಕೆ ಇತ್ತು" ಅಂತ ಕೆಲವು ಹಿರಿಯ ರೀಲರ್‌ಗಳು ಇವತ್ತಿಗೂ ಕೊರಗುತ್ತಾರೆ. ನನಗೆ ಆ ಕೊರಗಿನಲ್ಲಿ ನಂಬಿಕೆಯಿಲ್ಲ. ಹಾಗೆ ಕೊರಗುವ ರೈತ ಒಬ್ಬನೂ ನನಗೆ ಇನ್ನೂ ಸಿಕ್ಕಿಲ್ಲ.

ಚಿಂತಾಮಣಿ ಕಡೆಯ ಒಬ್ಬ ರೈತರು ಅಪ್ಪನ ಕಾಲದಿಂದ ನಮಗೆ ಗುರುತು. ಅವರ ಲಾಟ್ ಬಂದರೆ ಅಪ್ಪ ಜಾಸ್ತಿ ನೋಡದೇ ಬಿಡ್ ಹಾಕುತ್ತಿದ್ದರು. ಒಂದು ಸಲ ನಾನೂ ಹಾಗೇ ಹಾಕಿದೆ. ಮನೆಗೆ ತಂದು ಸುರಿದರೆ ಅಡಿಯಲ್ಲಿ ತೂತು ಗೂಡು. ಊಜಿ ನೊಣದ ಕೆಲಸ. 1980ರಲ್ಲಿ ಬಂಗಾಳದ ಗೂಡಿನ ಜೊತೆ ನಮ್ಮ ರಾಜ್ಯಕ್ಕೆ ಬಂದ ಪೀಡೆ ಅದು. ಹುಳುವಿನ ಮೇಲೆ ಮೊಟ್ಟೆ ಇಡುತ್ತದೆ, ನೊಣದ ಮರಿ ಆ ಹುಳುವನ್ನು ತಿಂದು ಗೂಡು ಕೊರೆದುಕೊಂಡು ಹೊರಗೆ ಬರುತ್ತದೆ. ತೂತಾದ ಗೂಡು ಬಿಚ್ಚೋಕೆ ಬರಲ್ಲ, ಎಲ್ಲ ಜುಟ್ಟೇ. ನಾನು ಫೋನ್ ಮಾಡಿ ಸ್ವಲ್ಪ ಜೋರಾಗೇ ಮಾತಾಡಿದೆ. ಅವರು ಮನೆಯ ಹುಡುಗರು ತುಂಬಿದ್ದು ಅಂದರು, ಇರಬಹುದು, ಇಲ್ಲದಿರಬಹುದು.

ಮುಂದಿನ ಬೆಳೆಗೆ ಅವರು ಮತ್ತೆ ಬಂದರು. ನಾನು ಬೇಕಂತಲೇ ಬೇರೆ ಸಾಲಿನಲ್ಲಿದ್ದೆ. ಅವರು ಕೂಗಿ ಕರೆದರು. ಹೋದರೆ, ಏನೂ ಮಾತಾಡದೆ ಎರಡೂ ಕೈ ಹಾಕಿ ಇಡೀ ಜಾಲರಿಯ ಗೂಡನ್ನು ಅಡಿಮೇಲು ಮಾಡಿದರು. ಅಡಿಯಲ್ಲಿದ್ದದ್ದು ಮೇಲೆ ಬಂತು. ಒಂದೆರಡು ಕಲೆ ಗೂಡು ಕಂಡವು, ಅವನ್ನೂ ಎತ್ತಿ ಪಕ್ಕಕ್ಕಿಟ್ಟರು. ಅದಾದ ಮೇಲೂ ನಾನು ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆದೆ, ತೆಗೆಯುವಾಗ ಸಂಕೋಚ ಆಯ್ತು. "ಚೂಡಂಡಿ, ಚೂಡಂಡಿ, ಬೇಜಾರಿಲ್ಲ" ಅಂದರು. ನಮ್ಮ ಕಡೆ ತೆಲುಗು, ಕನ್ನಡ, ಉರ್ದು ಒಂದೇ ಉಸಿರಿನಲ್ಲಿ ಬರುತ್ತವೆ. ಅವರು 'ನನ್ನನ್ನು ನಂಬಿ' ಅಂತ ಕೇಳಲಿಲ್ಲ. ನೋಡಿ ಅಂದರು. ನಾನು ನೋಡಿದ್ದಕ್ಕೆ ಮುಖ ಸಣ್ಣ ಮಾಡಿಕೊಳ್ಳಲೂ ಇಲ್ಲ.

ವಾಪಸ್ ಬರುವಾಗ ಸ್ಕೂಟರ್ ಮೇಲೆ ಅದೇ ಯೋಚನೆ. ನಾನು ನಮ್ಮವರಿಗೆ ನಂಬಿ ನಂಬಿ ಅಂತ ಹೇಳುತ್ತಲೇ ಇದ್ದೆ, ಏನನ್ನೂ ಅಡಿಮೇಲು ಮಾಡಿ ತೋರಿಸಿರಲಿಲ್ಲ. ನನ್ನ ಹತ್ತಿರ ಅಡಿಮೇಲು ಮಾಡೋಕೆ ಏನಿದೆ? ಲೆಕ್ಕದ ಪುಸ್ತಕ ಇದೆ.

ಪುಸ್ತಕ ಅಂದರೆ ಮುಂಗಡದ್ದು. ನಮ್ಮ ಕಡೆ ಫಿಲೇಚರ್ ಕೆಲಸಕ್ಕೆ ಸೇರುವಾಗ, ಆಮೇಲೆ ಮದುವೆ, ಕಾಯಿಲೆ ಅಂತ ಬಂದಾಗ ಮುಂಗಡ ತೆಗೆದುಕೊಳ್ಳೋದು ರೂಢಿ. ವಾರ ವಾರ ಬಟವಾಡೆಯಲ್ಲಿ ಸ್ವಲ್ಪ ಹಿಡಿಯುತ್ತೇವೆ. ಪುಸ್ತಕ ಮಾಲೀಕನ ಹತ್ತಿರ ಇರುತ್ತದೆ. ಅದನ್ನು ಯಾರೂ ಕೇಳಿ ನೋಡಿದವರಿಲ್ಲ. ನಾನು ಅದನ್ನೇ ನಂಬಿಕೆ ಅಂದುಕೊಂಡಿದ್ದೆ. ಆ ಶನಿವಾರ ಬಟವಾಡೆ ಹೊತ್ತಿಗೆ ಪುಸ್ತಕವನ್ನು ಹೊರಗೆ ತಂದು ಮೇಜಿನ ಮೇಲಿಟ್ಟು, ನಿಮ್ಮ ನಿಮ್ಮ ಬಾಕಿ ನೋಡಿಕೊಳ್ಳಿ ಅಂದೆ. ಯಾರೂ ಅಲುಗಲಿಲ್ಲ. ಅಕ್ಕ ಮಾತ್ರ, "ನನ್ನದು ಎಷ್ಟಿದೆ ಸಾರ್?" ಅಂದರು. 5,400 ಅಂದೆ. "4,800" ಅಂದರು. ದನಿ ಏರಲಿಲ್ಲ, ಇಳಿಯಲೂ ಇಲ್ಲ.

ಮಾರನೇ ದಿನ ಅವರು ಚೀಲದಿಂದ ಒಂದು ಕ್ಯಾಲೆಂಡರ್ ತೆಗೆದರು, ದಿನಸಿ ಅಂಗಡಿಯವರು ಕೊಡುತ್ತಾರಲ್ಲ, ಲಕ್ಷ್ಮಿ ಫೋಟೋ ಇರುವಂಥದ್ದು. ಪ್ರತಿ ಶನಿವಾರದ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೀಟು. 300 ಹಿಡಿದ ವಾರಕ್ಕೆ ಒಂದು ಗೀಟು, ಹಿಡಿಯದ ವಾರಕ್ಕೆ ಸೊನ್ನೆ. ಕೂತು ತಾಳೆ ನೋಡಿದೆವು. ಆಗಸ್ಟ್‌ನಲ್ಲಿ ಎರಡು ವಾರ ನಾನು ದುಡ್ಡು ಹಿಡಿದಿದ್ದೆ, ಬರೆದುಕೊಂಡಿರಲಿಲ್ಲ. 600 ರೂಪಾಯಿ. ಅವರ ಲೆಕ್ಕವೇ ಸರಿ.

ದುಡ್ಡಿಗಿಂತ ನನ್ನನ್ನು ಕೂರಿಸಿದ್ದು ಆ ತಿಂಗಳು. ಆಗಸ್ಟ್. ಚೀಲ ನೋಡಿದ್ದು ನವೆಂಬರ್. ಅಂದರೆ ನಾನು ಅಣ್ಣ ಆಗಿದ್ದ ಕಾಲದಲ್ಲೂ, ಎಲ್ಲ ಚೆನ್ನಾಗಿದೆ ಅಂದುಕೊಂಡಿದ್ದ ಕಾಲದಲ್ಲೂ, ಅವರು ಮನೆಗೆ ಹೋಗಿ ಗೀಟು ಹಾಕುತ್ತಿದ್ದರು. ಪುಸ್ತಕ ಕೇಳಲಿಲ್ಲ, ಅಷ್ಟೇ. ಕೇಳಿದರೆ ನಾನು ಏನಂದುಕೊಳ್ಳುತ್ತೇನೋ ಅಂತ ಕೇಳಲಿಲ್ಲ. ಅದಕ್ಕೂ ಹಿಂದಿನ ವರ್ಷ, 2020ರ ಡಿಸೆಂಬರ್‌ನಲ್ಲಿ, ಇಲ್ಲೇ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ದೊಡ್ಡ ಗಲಾಟೆಯಾಗಿತ್ತು. ಗಾಜು, ಗಾಡಿ ಎಲ್ಲ ಪುಡಿ. ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಹೋಗಿರಲಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಆವಾಗ ನಾನು ಟಿವಿ ನೋಡುತ್ತಾ ಅಪ್ಪನಿಗೆ ಹೇಳಿದ ಮಾತು ನೆನಪಿದೆ. "ದೊಡ್ಡ ಕಂಪನಿಗಳ ಹಣೆಬರಹ ಇಷ್ಟೇ. ನಮ್ಮಲ್ಲಿ ಹಾಗಿಲ್ಲ, ಮನೆ ಇದ್ದಂಗಿದೆ." ಮನೆ ಇದ್ದಂಗಿತ್ತು, ಹೌದು. ಮನೆಯಲ್ಲಿ ಕೂಡ ಯಜಮಾನನ ಲೆಕ್ಕ ಯಾರೂ ಕೇಳಲ್ಲ.

ಅವತ್ತೇ ಎಲ್ಲರಿಗೂ ಒಂದೊಂದು ಚಿಕ್ಕ ನೋಟ್‌ಬುಕ್ ತಂದೆ. ವಾರ ವಾರ ಎರಡೂ ಪುಸ್ತಕದಲ್ಲಿ ಬರೆಯೋದು, ಅವರದ್ದು ಅವರ ಹತ್ತಿರ. ಬಾಗಿಲ ಪಕ್ಕದ ಗೋಡೆಗೆ ಒಂದು ಕರಿ ಹಲಗೆ ಹೊಡೆದೆ. ದಿನಾ ಲಾಟ್ ನಂಬರ್, ಗೂಡು ಎಷ್ಟು ಕೆ.ಜಿ., ನೂಲು ಎಷ್ಟು, ಜುಟ್ಟು ಎಷ್ಟು. ತೂಗೋದು ನಾನಲ್ಲ, ಸರದಿ ಮೇಲೆ ಅವರಲ್ಲೇ ಒಬ್ಬರು.

ಮೊದಲ ಎರಡು ವಾರ ಯಾರೂ ತಕ್ಕಡಿ ಹತ್ತಿರ ಬರಲಿಲ್ಲ. "ನೀವೇ ತೂಗಿ ಸಾರ್" ಅಂತ ದೂರ ನಿಂತರು. ಇದೇನೋ ಹೊಸ ಬಲೆ ಅಂದುಕೊಂಡಿರಬೇಕು, ತಪ್ಪೇನಿಲ್ಲ. ಮೂರನೇ ವಾರ ಎಲ್ಲರಿಗಿಂತ ಚಿಕ್ಕವಳು, ಪಿಯುಸಿ ಮುಗಿಸಿ ಬಂದವಳು, ನಾನು ಹಲಗೆ ಮೇಲೆ 6.8 ಕೆ.ಜಿ. ಅಂತ ಬರೆಯುತ್ತಿದ್ದಾಗ ಹಿಂದಿನಿಂದ "6.6 ಇತ್ತು ಸಾರ್" ಅಂದಳು. ಅಳಿಸಿ 6.6 ಬರೆದೆ. ಅವಳು ಪಕ್ಕದವರನ್ನು ನೋಡಿದಳು. ಪಕ್ಕದವರು ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ಸೀಮೆಸುಣ್ಣ ಅವಳಿಗೆ ಕೊಟ್ಟೆ.

ಅಲ್ಲಿಂದ ಮುಂದೆ ನಡೆದದ್ದನ್ನು ಕತೆ ಮಾಡೋಕೆ ಬರಲ್ಲ, ಅಷ್ಟು ಸಣ್ಣ ಸಣ್ಣದು. ಏಪ್ರಿಲ್‌ನಲ್ಲಿ ಒಬ್ಬರು ನೀರು ತಣ್ಣಗಿದೆ ಅಂತ ಗೊಣಗಿದರು, ಖುಷಿಯಾಗಿ ಬಾಯ್ಲರ್ ಹತ್ತಿರ ಓಡಿದೆ. ಇನ್ನೊಬ್ಬರು ಬಟವಾಡೆ ಅರ್ಧ ಗಂಟೆ ತಡವಾಯ್ತು ಅಂತ ಬೈದರು. ಬೈಗುಳ ಶುರುವಾದಾಗ ಮನಸ್ಸಿಗೆ ಸಮಾಧಾನ ಆಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಜೂನ್‌ನಲ್ಲಿ ಒಂದು ದಿನ ಸ್ಟೀಮ್ ಪೈಪ್ ಜಾಯಿಂಟ್ ಬಿಟ್ಟುಕೊಂಡಿತು. ನಾಲ್ಕನೇ ಬೇಸಿನ್‌ನಿಂದ "ಅಣ್ಣಾ, ಪೈಪು!" ಅಂತ ಕೂಗು ಬಂತು. ವಾಲ್ವ್ ಮುಚ್ಚಿ ಬಂದು ನೋಡಿದರೆ ಯಾರಿಗೂ ಏನೂ ಆಗಿರಲಿಲ್ಲ. "ಹೋಯ್ತು ಬಿಡಿ ಸಾರ್" ಅಂದರು ಅಕ್ಕ. ಮತ್ತೆ ಸಾರ್. ಗಾಬರಿಯಲ್ಲಿ ಬಾಯಿ ತಪ್ಪಿತ್ತು ಅನ್ನಿಸುತ್ತದೆ.

ಟೀ ಅಂಗಡಿಯ ಅದೇ ರೀಲರ್ ಈಗ ಆಟೊಮ್ಯಾಟಿಕ್ ಮಷಿನ್ ಹಾಕಿದ್ದಾರೆ. ಎಳೆ ತೆಳುವಾದರೆ ಮಷಿನ್‌ಗೇ ಗೊತ್ತಾಗುತ್ತದೆ, ಅದೇ ಹೊಸ ಗೂಡು ಸೇರಿಸುತ್ತದೆ. "ನೀನೂ ಹಾಕು, ಈ ಜನರ ತಲೆನೋವೇ ಇರಲ್ಲ" ಅನ್ನುತ್ತಾರೆ. ಒಳ್ಳೇ ಮಷಿನ್, ನೂಲೂ ಚೆನ್ನಾಗಿ ಬರುತ್ತದೆ, ದುಡ್ಡಿದ್ದರೆ ನಾನೂ ಹಾಕಿಯೇನು. ಆದರೆ ಅವರ ಮಷಿನ್ ನಡೆಸೋಕೂ ಆರು ಜನ ಇದ್ದಾರೆ, ಹೋದ ವಾರ ಅವರಲ್ಲಿ ಇಬ್ಬರು ಹೇಳದೇ ಕೇಳದೇ ಬಿಟ್ಟು ಹೋದರು.

ನಮ್ಮ ಮಾರುಕಟ್ಟೆಯಲ್ಲಿ ಉರ್ದು ಮಾತಾಡುವ ರೀಲರ್‌ಗಳು ನಂಬಿಕೆಗೆ 'ಭರೋಸಾ' ಅನ್ನುತ್ತಾರೆ. ಕನ್ನಡದಲ್ಲಿ ಭರವಸೆ ಅಂದರೆ ಮುಂದೆ ಒಳ್ಳೇದಾಗುತ್ತೆ ಅನ್ನೋದು, ಅಥವಾ ಮಾಡ್ತೀನಿ ಅಂತ ಕೊಡೋ ಮಾತು. ಎಲೆಕ್ಷನ್‌ನಲ್ಲಿ ಕೊಡ್ತಾರಲ್ಲ, ಅದು. ಕೇಳೋಕೆ ಒಂದೇ ಮನೆಯ ಪದಗಳು. ನಾನು ಅಕ್ಕನಿಗೆ ಬೇಕಾದಷ್ಟು ಭರವಸೆ ಕೊಟ್ಟಿದ್ದೆ.

ಹೋದ ಮಳೆಗಾಲದಲ್ಲಿ ನಾನು ಒಂದು ಲಾಟ್ ತಂದು ಇಳಿಸುತ್ತಿದ್ದೆ. ಅಕ್ಕ ಬಂದು ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಇನ್ನೊಂದನ್ನು ಬೆರಳಲ್ಲಿ ಒತ್ತಿದರು, ಮುಖ ಸಿಂಡರಿಸಿದರು. "ಇದನ್ನ ಬೇರೆ ಬೇಯಿಸ್ಬೇಕು. ಮೊದಲಿನ ಲಾಟ್ ಜೊತೆ ಸೇರಿಸ್ಬೇಡಿ." ಸೇರಿಸಲಿಲ್ಲ. ಸಂಜೆ ಹಲಗೆ ಮೇಲೆ ಆ ಲಾಟ್‌ನ ರೆಂಡಿಟಾ 7.9 ಅಂತ ಅವರೇ ಬರೆದು, ಕೆಳಗೆ ಒಂದು ಗೀಟು ಎಳೆದರು. ಕ್ಯಾಲೆಂಡರ್ ಮೇಲೆ ಎಳೆಯುತ್ತಿದ್ದಂಥದ್ದೇ ಗೀಟು.

ಚೀಲ ತೋರಿಸೋದು ಮಾತ್ರ ನಿಲ್ಲಿಸಿರಲಿಲ್ಲ. ಮೊದಮೊದಲು ಬೇಡ ಬೇಡ ಅನ್ನುತ್ತಿದ್ದೆ. ಆಮೇಲೆ ಆ ಹೊತ್ತಿಗೆ ಬಾಗಿಲ ಹತ್ತಿರ ಇರದ ಹಾಗೆ ನೋಡಿಕೊಂಡೆ. ಅದೂ ಒಂಥರಾ ಓಡಿ ಹೋಗೋದು ಅನ್ನಿಸಿ ಮತ್ತೆ ಬಂದು ನಿಂತೆ. ಈಗ ಏನೂ ಅನ್ನಲ್ಲ. ಅವರು ಬಾಯಿ ಅಗಲ ಮಾಡುತ್ತಾರೆ, ನಾನು ಅವರ ಮುಖ ನೋಡಿ "ಹೋಗ್ಬನ್ನಿ" ಅನ್ನುತ್ತೇನೆ.

ಹೋದ ಶುಕ್ರವಾರ ಅವರು ಚಿಕ್ಕವಳ ಜೊತೆ ಏನೋ ಮಾತಾಡುತ್ತಾ, ಮಗನ ಕಾಲೇಜ್ ಫೀಸ್ ವಿಷಯ ಇರಬೇಕು, ನನ್ನ ಮುಂದೆಯೇ ದಾಟಿ ಹೋದರು. ಚೀಲ ಹೆಗಲ ಮೇಲೇ ಇತ್ತು. ನಾನು ಹಲಗೆ ಒರೆಸುತ್ತಿದ್ದವನು ಹಾಗೇ ನಿಂತೆ. ಗೇಟ್ ತನಕ ಹೋದವರು ತಟ್ಟನೆ ನಿಂತು, ತಿರುಗಿ, ಅಲ್ಲಿಂದಲೇ ಚೀಲವನ್ನು ಎತ್ತಿ ಬಾಯಿ ತೆರೆದು ತೋರಿಸಿ ನಕ್ಕರು. ಅಷ್ಟು ದೂರದಿಂದ ಒಳಗೆ ಏನಿದೆ ಅಂತ ಕಾಣುವ ಹಾಗೇ ಇರಲಿಲ್ಲ.